ಒಂದು ಬಿಟ್ಟು ಒಂದು ಸೊನ್ನೆ

ಮಂಗಳವಾರ ಮಧ್ಯಾಹ್ನ ಎರಡು ನಲವತ್ತಕ್ಕೆ ಸುರಂಗದೊಳಗಿನಿಂದ ಕಲ್ಲುಗಾಡಿ ಬರಬೇಕಿತ್ತು. ಬರಲಿಲ್ಲ. ಮೂರಾಯಿತು—ಬರಲಿಲ್ಲ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹುಡುಕಲು ಹೋದವರಿಗೆ ಮೊದಲು ಕಂಡದ್ದು ಒಂದು ಟಾರ್ಚು. ಇನ್ನೂ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮೂವರು. ಒಬ್ಬ ಗೋಡೆಗೆ ಒರಗಿದ್ದ. ಒಬ್ಬ ಮಗ್ಗುಲಾಗಿದ್ದ. ಮೂರನೆಯವನು ಹೊರಗಿನ ದಿಕ್ಕಿಗೆ ತೆವಳುತ್ತ ಬೋರಲು ಬಿದ್ದಿದ್ದ. ಯಾರ ಮೈಮೇಲೂ ಒಂದು ಗೀರಿರಲಿಲ್ಲ.

ಕೊಂದದ್ದು ಗಾಳಿ. ಬಂಡೆಯ ಬಿರುಕಿನಿಂದ ಸೋರುವ ಭಾರದ ಗಾಳಿ—ಬಣ್ಣವಿಲ್ಲ, ವಾಸನೆಯಿಲ್ಲ. ನೂರರಲ್ಲಿ ಅದು ಒಂದೂವರೆ ಪಾಲು ದಾಟಿದ ಕೂಡಲೇ ಸುರಂಗದ ಬಾಯಲ್ಲಿ ಗಂಟೆ ಹೊಡೆಯಬೇಕು. ಹೊಡೆಯಲಿಲ್ಲ. ಅಂದು ಸಂಜೆಯೇ ಸುರಂಗಕ್ಕೆ ಬಾಗಿಲು ಹಾಕಿ ಸೀಲು ಒತ್ತಿದರು.

ಶುಕ್ರವಾರ ಕಂಪನಿಯ ವರದಿ ಬಂತು. ಅರ್ಧ ಪುಟ. ಮೂರು ಹೆಣಕ್ಕೆ ಅರ್ಧ ಪುಟ!

"ಗಾಳಿ ಅಳೆಯುವ ಉಪಕರಣದ ಪ್ಲಗ್ಗನ್ನು ಸಡಿಲವಾಗಿ ಚುಚ್ಚಲಾಗಿತ್ತು. ಆದ್ದರಿಂದ ಒಂದು ಬಿಟ್ಟು ಒಂದು ಅಳತೆ ಸೊನ್ನೆಯಾಗಿ ದಾಖಲಾಗಿದೆ. ಸರಾಸರಿ ಅರ್ಧಕ್ಕೆ ಇಳಿದು ಗಂಟೆ ಹೊಡೆದಿಲ್ಲ. ಹೊಣೆ: ಉಪಕರಣ ನೋಡಿಕೊಳ್ಳುವ ಕೆಲಸಗಾರ."

ಆ ಕೆಲಸಗಾರನನ್ನು ನಾವೆಲ್ಲ ದೊಡ್ಡೋನು ಎನ್ನುತ್ತಿದ್ದೆವು. ಏಕೆಂದರೆ ಅದೇ ಸುರಂಗದಲ್ಲಿ ಅವನ ತಮ್ಮ ಚಿಕ್ಕೋನು ಕಲ್ಲು ಕೊರೆಯುತ್ತಿದ್ದ. ತೆವಳುತ್ತ ಬಿದ್ದಿದ್ದವನು ಚಿಕ್ಕೋನೇ.

ವರದಿ ಓದಿ ಹೇಳಿದ ದಿನವೇ ಅವರ ತಾಯಿ ದೊಡ್ಡೋನಿಗೆ ಬಾಗಿಲು ಹಾಕಿಕೊಂಡಳು. ಕಂಪನಿಗೆ ಅಷ್ಟು ಸಾಲಲಿಲ್ಲ. ದೊಡ್ಡ ಮಗನ ಮೇಲೆ ಅವಳಿಂದಲೇ ಒಂದು ದೂರು ಬರೆಸಿಕೊಂಡಿತು. ಬರುವ ಮಂಗಳವಾರ ಹನ್ನೊಂದಕ್ಕೆ ವಿಚಾರಣಾಧಿಕಾರಿಯ ಎದುರು ಅವಳು ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ದೊಡ್ಡೋನು ಜೈಲಿಗೆ. ಹೆತ್ತವಳೇ ಬೆರಳು ತೋರಿಸಿದ ಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು?

ನಾನು ಕಾರ್ಮಿಕ ಸಂಘದಲ್ಲಿ ಅರ್ಜಿ ಬರೆಯುವವನು. ನನ್ನ ಹೆಸರೇ ಅರ್ಜಿ ಎಂದಾಗಿಬಿಟ್ಟಿದೆ. ಭಾನುವಾರ ನಾನು ಟೀಚರಮ್ಮನ ಮನೆಗೆ ಓಡಿದೆ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸಿ, ನಿವೃತ್ತಿಯ ಮೇಲೆ ನಮ್ಮ ಸಂಘದ ಓದುಕೂಟಕ್ಕೆ ಸೇರಿದವರು. ಪುಸ್ತಕ ಓದುವಾಗಲೂ ಸಾಲಿನ ಕೆಳಗೆ ಉಗುರು ಗೀರುತ್ತ ಹೋಗುತ್ತಾರೆ.

ವರದಿಯ ಮೇಲೂ ಉಗುರು ಗೀರಿದರು. ಒಂದು ಕಡೆ ನಿಂತಿತು.

"ಒಂದು ಬಿಟ್ಟು ಒಂದು?"

"ಹೌದು ಟೀಚರಮ್ಮ."

"ಸಡಿಲ ಪ್ಲಗ್ಗಿಗೆ ಎಣಿಸೋಕೆ ಬರುತ್ತೇನೋ ಅರ್ಜಿ?"

ನನಗೆ ಅರ್ಥವಾಗಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡಾಗಿತ್ತು.

ದೊಡ್ಡೋನು ನಮ್ಮ ಸಂಘದ ಓದುಕೋಣೆಯಲ್ಲಿ, ಪುಸ್ತಕದ ಕಪಾಟಿಗೆ ಬೆನ್ನು ಕೊಟ್ಟು ಕೂತಿದ್ದ. ಐದು ದಿನದ ಗಡ್ಡ. ಎದುರಿಗೆ ಯಾರೋ ಇಟ್ಟು ಹೋಗಿದ್ದ ಚಹಾ ಕೆನೆಗಟ್ಟಿತ್ತು.

"ಪ್ಲಗ್ ಎಲ್ಲಿರುತ್ತಪ್ಪ?" ಟೀಚರಮ್ಮ ನೆಲದ ಮೇಲೆಯೇ ಕೂತರು.

"ಒಳಗೆ. ಉಪಕರಣದ ಬೆನ್ನಿಗೆ. ಅಲ್ಲಿಂದ ಹೊರಗಿನ ಕಂಪ್ಯೂಟರ್ ತನಕ ಒಂದೇ ವೈರು. ನಡುವೆ ಎಲ್ಲೂ ಜೋಡಣೆ ಇಲ್ಲ."

"ಸಡಿಲ ಇತ್ತಾ?"

"ತಿರುಪು ಹಾಕಿ ಬಿಗಿಯೋ ಪ್ಲಗ್ ಅದು. ಬೆಳಿಗ್ಗೆ ಬಿಗಿದೆ. ಮಧ್ಯಾಹ್ನ ಹನ್ನೆರಡಕ್ಕೂ ಮುಟ್ಟಿ ನೋಡಿದೆ." ಅವನು ತಲೆ ತಗ್ಗಿಸಿದ. "ನೋಡಿದೆ ಅಂತಲೇ ಅಂದ್ಕೊಂಡಿದ್ದೀನಿ. ಎಲ್ಲರೂ ಇಲ್ಲ ಇಲ್ಲ ಅಂದರೆ, ನನ್ನ ಕೈ ಮೇಲೆ ನನಗೇ ಅನುಮಾನ ಬರುತ್ತೆ."

"ಪರದೆಯಲ್ಲಿ ಏನು ಕಾಣ್ತಿತ್ತು?"

"ಸರಾಸರಿ. ಪ್ರತಿ ನಿಮಿಷಕ್ಕೆ ಒಂದು. ಮೊದಲು ಉಸಿರಾಡಿದ ಹಾಗೆ ಏರ್ತಿತ್ತು, ಇಳೀತಿತ್ತು. ಹೊಸ ಉಪಕರಣ ಬಂದ ಮೇಲೆ ಯಾವಾಗ ನೋಡಿದ್ರೂ ಒಂದರ ಆಸುಪಾಸು. ಮೂರು ತಿಂಗಳು ಅಲ್ಲೇ ಕೂತಿತ್ತು—ಮೈಗಳ್ಳ ಕೂತ ಹಾಗೆ. ಆಫೀಸಿನಲ್ಲಿ ಹೇಳಿದೆ. ನಕ್ಕರು. ಒಳ್ಳೆ ಉಪಕರಣ ಅಂದ್ರೆ ಹಾಗೇ ಕಣೋ, ಅಂದರು."

"ಆಮೇಲೆ?"

"ಆಮೇಲೆ ಏನಿದೆ ಟೀಚರಮ್ಮ? ಗುರುವಾರ ಗಂಟೆ ಹೊಡೀತು."

ನಾನು ಅವನ ಮುಖ ನೋಡಿದೆ. ಇದನ್ನು ಊರೆಲ್ಲ ಕೇಳಿತ್ತು. ತಮ್ಮ ಸತ್ತ ಮೇಲೆ ಇವನ ಕಿವಿಯಲ್ಲಿ ಗಂಟೆ ಹೊಡೆಯುತ್ತಂತೆ—ಮಾಡಿದ ಪಾಪ ಬಿಡುತ್ತದೆಯೇ?—ಎಂದು ಅವನ ತಾಯಿಯೂ ಆಡಿದ್ದಳು. ಕೆಲಸ ನಿಂತಿತ್ತು. ಸುರಂಗದ ಮುಂದೆ ಅವನೊಬ್ಬನೇ ಕೂತಿರುತ್ತಿದ್ದ.

"ಹೊಡೀತು ಟೀಚರಮ್ಮ. ನಾನು ಎದ್ದು ಓಡಿದೆ. ಚಿಕ್ಕೋನೇ, ಹೊರಗೆ ಬಾರೋ ಅಂತ ಕೂಗಿದೆ. ಬಾಗಿಲಿಗೆ ಸೀಲಿತ್ತು. ಬಡಿದೆ. ಸ್ವಲ್ಪ ಹೊತ್ತಿಗೆ ಗಂಟೆ ನಿಂತೋಯ್ತು."

ಅವನ ಎರಡೂ ಮುಂಗೈಯಲ್ಲಿ ಬಡಿದ ಗಾಯದ ಹಕ್ಕಳೆ ಇತ್ತು.

"ಎಷ್ಟು ಗಂಟೆಗೆ?" ಟೀಚರಮ್ಮನ ಸ್ವರ ಬದಲಾಗಿತ್ತು.

"ಹನ್ನೊಂದೂಕಾಲು ಇರಬೇಕು."

ಅವರು ಎದ್ದರು. ಹೊರಗೆ ಬಂದ ಮೇಲೆ ನಾನು ಮೆಲ್ಲಗೆ ಅಂದೆ: "ಪಾಪ, ತಲೆ ಕೆಟ್ಟಿದೆ ಅವನಿಗೆ."

"ಬಡವ ಕೇಳಿದ್ದನ್ನೆಲ್ಲ ತಲೆ ಕೆಟ್ಟದ್ದು ಅನ್ನೋದು ಬಹಳ ಸುಲಭ. ನಾಳೆ ಆಫೀಸಿಗೆ ಹೋಗೋಣ."

ಆಫೀಸಿನ ಕಂಪ್ಯೂಟರ್ ಕೋಣೆಯಲ್ಲಿ ಎಂಟು ಮೇಜು, ಒಂದು ಗಾಜಿನ ಕ್ಯಾಬಿನ್ನು. ಗೋಡೆಯ ಮೇಲೆ ದೊಡ್ಡ ಹಲಗೆ: "ವಾರ್ನಿಂಗ್ ಸೊನ್ನೆ—೯೪ ದಿನ". ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ತಪ್ಪಿನ ಅನುಮಾನ ಬಂದಾಗ ಕೊಡುವ ಎಚ್ಚರಿಕೆಯೇ ವಾರ್ನಿಂಗ್ ಎಂದು ಟೀಚರಮ್ಮ ಪಿಸುಗುಟ್ಟಿದರು. ಕ್ಯಾಬಿನ್ನಿನ ಯಜಮಾನರೇ ಪ್ರತಿದಿನ ಬೆಳಿಗ್ಗೆ ಅಂಕಿ ಬದಲಿಸುತ್ತಿದ್ದರಂತೆ. ಬೆನ್ನ ಹಿಂದೆ ಅವರ ಹೆಸರು ಸೊನ್ನೆ ಸಾಹೇಬರು. ವರದಿಗೆ ಸಹಿ ಹಾಕಿದವರೂ ಅವರೇ.

"ಬನ್ನಿ, ಬನ್ನಿ. ವಿಚಾರಣಾಧಿಕಾರಿಗಳ ಚೀಟಿ ತಂದಿದ್ದೀರಲ್ಲ, ಧಾರಾಳವಾಗಿ ನೋಡಿ. ಮುಚ್ಚಿಡೋದೇನಿದೆ?" ಅವರು ನಗುತ್ತಲೇ ಅಂದರು. "ನೀವು ಟೀಚರ್ ಅಲ್ವಾ? ನಿಮ್ಮ ಕಾಲದ ಸಿ ಅಲ್ಲಮ್ಮ ಇದು."

"ಸಿ ನನಗೆ ಹಳೇ ಗಂಡ ಇದ್ದ ಹಾಗೆ ಸ್ವಾಮಿ. ಸಿಟ್ಟು ಯಾವುದಕ್ಕೆ ಬರುತ್ತೆ ಅಂತ ಗೊತ್ತು."

ಅಳತೆಗಳ ಕಡತ ತೆರೆದರು. ಉಪಕರಣ ಸೆಕೆಂಡಿಗೊಮ್ಮೆ ಗಾಳಿ ಅಳೆಯುತ್ತದೆ. ಪ್ರೋಗ್ರಾಮು ಅರವತ್ತು ಅಳತೆ ಕೂಡಿಸಿಕೊಂಡು, ನಿಮಿಷಕ್ಕೊಮ್ಮೆ ಕಡತಕ್ಕೆ ಬರೆಯುತ್ತದೆ. ಹಾಗೆ ಬರೆಯಲು ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಒಂದು ಕಟ್ಟು, ಲೈಬ್ರರಿ, ಇದೆ—ಮಳೆ, ಸಮುದ್ರ, ಭೂಕಂಪ ಅಳೆಯುವ ವಿಜ್ಞಾನಿಗಳು ಬಳಸುವಂಥದ್ದು. ಆ ಕಡತದ ಸರಾಸರಿ ನೋಡಿಕೊಂಡೇ ಗಂಟೆ ಹೊಡೆಯುವುದು.

ಅಪಘಾತದ ಮಂಗಳವಾರ ಮಧ್ಯಾಹ್ನದ ಪುಟ. ಸೊನ್ನೆ, ಎರಡೂವರೆ. ಸೊನ್ನೆ, ಎರಡೂವರೆ. ಸೊನ್ನೆ, ಎರಡೂವರೆ. ಉಗುರು ಪರದೆಯ ಮೇಲೆ ಇಳಿಯುತ್ತ ಹೋಯಿತು. ಒಂದು ಕಡೆಯೂ ಎರಡು ಸೊನ್ನೆ ಒಟ್ಟಿಗೆ ಬರಲಿಲ್ಲ. ಒಂದು ಕಡೆಯೂ ಸೊನ್ನೆ ತಪ್ಪಲಿಲ್ಲ. ತಿಂಗಳು ಹಿಂದಕ್ಕೆ ಹೋದರೂ ಅದೇ ಕವಾಯತು. ಆಮೇಲೆ ಟೀಚರಮ್ಮ ಅಪಘಾತದ ನಂತರದ ದಿನಗಳನ್ನು ತೆಗೆಸಿದರು. ಬುಧವಾರ ನೋಡಿದರು. ಗುರುವಾರ ನೋಡಿದರು. ಅಲ್ಲಿ ಬಹಳ ಹೊತ್ತು ನಿಂತರು. ಎರಡು ಅಂಕಿ ಬರೆದುಕೊಂಡರು, ಅಷ್ಟೇ.

"ಪ್ರೋಗ್ರಾಮು ಬರೆದವರು ಯಾರು?"

ಕೊನೆಯ ಮೇಜಿನಿಂದ ದಪ್ಪ ಕನ್ನಡಕದ ಹೆಂಗಸೊಬ್ಬಳು ಎದ್ದು ನಿಂತಳು. ಗುತ್ತಿಗೆಯ ಮೇಲಿರುವವಳು, ಕುರ್ಚಿಯೂ ಬೇರೆ ಬಣ್ಣದ್ದು. ಆ ಸಾಲನ್ನು ಪರದೆಗೆ ತಂದು ತೋರಿಸಿದಳು. ಲೈಬ್ರರಿಯಲ್ಲಿ ಕಡತಕ್ಕೆ ಬರೆಯುವ ತುಣುಕಿಗೆ, ಅಂದರೆ ಫಂಕ್ಷನ್ನಿಗೆ, ಅಳತೆಗಳ ಸಾಲನ್ನು ಕೊಡುವ ಜಾಗ. ಅದರ ಹಿಂದೆ ಒಂದು ಪುಟ್ಟ ಆವರಣ. ಒಳಗೆ ಫ್ಲೋಟ್ ಎಂದು ಬರೆದು ಒಂದು ನಕ್ಷತ್ರ. ಅದಕ್ಕೆ ಕ್ಯಾಸ್ಟು ಎನ್ನುತ್ತಾರಂತೆ.

ಟೀಚರಮ್ಮನ ಉಗುರು ಆ ನಕ್ಷತ್ರದ ಮೇಲೆ ನಿಂತಿತು. "ಈ ಕ್ಯಾಸ್ಟು ಹಾಕಿದ್ದು ನೀನಾ ಮಗಳೇ?"

ಅವಳು ಕ್ಯಾಬಿನ್ನಿನ ಕಡೆ ನೋಡಿದಳು. "ಯಾವ ಸಾಲು ಯಾರು ಬದಲಿಸಿದರು ಅನ್ನೋ ಚರಿತ್ರೆಯಲ್ಲಿ ನನ್ನ ಹೆಸರೇ ಇದೆ ಮೇಡಂ."

"ನಾನು ಕೇಳಿದ್ದು ಅದಲ್ಲ."

ಉತ್ತರ ಸಿಕ್ಕಿದ್ದು ಮೆಟ್ಟಿಲ ಮೇಲೆ. ನಮ್ಮ ಹಿಂದೆಯೇ ಓಡಿ ಬಂದಿದ್ದಳು.

"ಹೊಸ ಉಪಕರಣ ಡಬಲ್ ಅಳತೆ ಕೊಡುತ್ತೆ ಮೇಡಂ, ಎಂಟು ಬೈಟಿನದು. ಅದಕ್ಕೆ ನಾನು ಸಾಲನ್ನ ಡಬಲ್ ಮಾಡಿದೆ. ಫಂಕ್ಷನ್ ಮಾತ್ರ ಹಳೇದು, ನಾಲ್ಕು ಬೈಟಿನ ಫ್ಲೋಟ್ ಕೇಳೋದು. ಕಂಪೈಲರ್ ವಾರ್ನಿಂಗ್ ಕೊಡ್ತು. ಅದನ್ನ ಹಾಗೇ ಬಿಟ್ಟು, ಡಬಲ್ ಬರೆಯೋ ಫಂಕ್ಷನ್ನಿಗೆ ಬದಲಾಯಿಸಬೇಕು, ಅಲ್ಲಿತನಕ ಇದನ್ನ ಸುರಂಗಕ್ಕೆ ಹಾಕಬೇಡಿ ಅಂತ ಸಾಹೇಬರಿಗೆ ಹೇಳಿದೆ. ಅಷ್ಟರಲ್ಲಿ ಅಪ್ಪನ ಆಪರೇಷನ್ ಅಂತ ಆಸ್ಪತ್ರೆಯಿಂದ ಫೋನು. ಹತ್ತು ದಿನ ಬರಲಿಲ್ಲ. ಬಂದು ನೋಡಿದರೆ ವಾರ್ನಿಂಗ್ ಇರಲಿಲ್ಲ. ಯಾರೋ ಸರಿಮಾಡಿದ್ದಾರೆ ಅಂದ್ಕೊಂಡೆ."

"ತೆರೆದು ನೋಡಲಿಲ್ಲ?"

"ಇಲ್ಲ." ಕನ್ನಡಕ ತೆಗೆದು ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು. "ನೋಡಬೇಕಿತ್ತು."

"ನಿನ್ನ ಹೆಸರು ಅಲ್ಲಿಗೆ ಹೇಗೆ ಬಂತು?"

"ಪೊರಕೆ ಯಾರ ಫೈಲಿಗೆ ಹೋಗುತ್ತೋ ಅವರದೇ ಹೆಸರು ಬರೆಯುತ್ತೆ."

"ಪೊರಕೆ?"

"ತಪಾಸಣೆಗೆ ಮುಂಚೆ ಓಡಿಸೋ ಪ್ರೋಗ್ರಾಮು. ಎಲ್ಲೆಲ್ಲಿ ಅಂಕಿಯ ಟೈಪು ಹೊಂದಲ್ಲವೋ ಅಲ್ಲೆಲ್ಲ ಕ್ಯಾಸ್ಟು ಹಾಕಿಕೊಂಡು ಹೋಗುತ್ತೆ. ವಾರ್ನಿಂಗ್ ಗುಡಿಸಿ ಹಾಕುತ್ತೆ."

"ಪೊರಕೆಯ ಹಿಡಿ ಯಾರ ಕೈಲಿದೆ?"

ಅವಳು ಮತ್ತೆ ಕ್ಯಾಬಿನ್ನಿನ ಕಡೆಗೆ ತಿರುಗಿದಳು. ಈ ಸಲ ಕಣ್ಣು ತಗ್ಗಿಸಲಿಲ್ಲ.

ಮಂಗಳವಾರ. ಹನ್ನೊಂದು ಗಂಟೆ. ಉದ್ದನೆಯ ಮೇಜು. ಒಂದು ಬದಿಗೆ ವಿಚಾರಣಾಧಿಕಾರಿ, ಪಕ್ಕದಲ್ಲಿ ಸೊನ್ನೆ ಸಾಹೇಬರು. ಮೇಜಿನ ಮೇಲೆ ದೂರಿನ ಕಾಗದ, ಶಾಯಿಯ ಪೆಟ್ಟಿಗೆ. ಎದುರಿಗೆ ತಾಯಿ. ಗೋಣಿಚೀಲ ಹೊಲಿಯುವವಳು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ದೊಡ್ಡೋನು ಬಾಗಿಲ ಬಳಿ ನಿಂತಿದ್ದ. ಅವಳು ಆ ಕಡೆ ತಿರುಗಲಿಲ್ಲ.

"ಹೆಬ್ಬೆಟ್ಟು ಒತ್ತಮ್ಮ," ಎಂದರು ಸಾಹೇಬರು. ದನಿ ಮೃದುವಾಗಿತ್ತು. ಅಂಥ ಮೃದು ದನಿ ಕೇಳಿದರೆ ನನಗೆ ಮೈ ಉರಿಯುತ್ತದೆ.

"ಒಂದು ನಿಮಿಷ," ಎಂದರು ಟೀಚರಮ್ಮ. "ಸಾಹೇಬರೇ, ಸೊನ್ನೆ ಬಂದದ್ದು ಸಡಿಲ ಪ್ಲಗ್ಗಿನಿಂದ. ಅಲ್ಲವೇ?"

"ವರದಿಯಲ್ಲೇ ಇದೆ."

"ಪ್ಲಗ್ ಇರೋದು ಸುರಂಗದ ಒಳಗೆ. ಸೀಲು ಹಾಕಿದ್ದು ಕಳೆದ ಮಂಗಳವಾರ. ಆಮೇಲೆ ಒಳಗೆ ಯಾರಾದರೂ ಹೋಗಿದ್ದಾರಾ?"

ಅಧಿಕಾರಿಯೇ ಉತ್ತರ ಕೊಟ್ಟರು. "ಇಲ್ಲ. ಸೀಲು ನನ್ನದು. ಇವತ್ತು ಬೆಳಿಗ್ಗೆಯೂ ನೋಡಿ ಬಂದೆ."

"ಹಾಗಾದರೆ ಗುರುವಾರ ಹನ್ನೊಂದು ಹದಿನೇಳಕ್ಕೆ ಸೊನ್ನೆಗಳು ಯಾಕೆ ನಿಂತವು?"

ಟೀಚರಮ್ಮ ತಾವು ಬರೆದುಕೊಂಡಿದ್ದ ಅಂಕಿಗಳ ಚೀಟಿಯನ್ನು ಅಧಿಕಾರಿಯ ಮುಂದೆ ಇಟ್ಟರು.

"ಮೂರು ತಿಂಗಳು ಒಂದು ಬಿಟ್ಟು ಒಂದು ಬಂದ ಸೊನ್ನೆ, ಆ ನಿಮಿಷದಿಂದ ಒಂದೂ ಇಲ್ಲ. ಕಡತದಲ್ಲಿ ಇದೆ, ನೋಡಿಕೊಳ್ಳಿ. ಮುಚ್ಚಿದ ಸುರಂಗದ ಕತ್ತಲೆಯಲ್ಲಿ ಪ್ಲಗ್ ಬಿಗಿದವರು ಯಾರು ಸಾಹೇಬರೇ? ಸತ್ತವರಾ?"

ಸಾಹೇಬರು ನೀರಿನ ಲೋಟಕ್ಕೆ ಕೈ ಚಾಚಿದರು.

"ಯಾರೂ ಬಿಗಿಯಲಿಲ್ಲ. ಯಾಕೆಂದರೆ ಅದು ಸಡಿಲವೇ ಆಗಿರಲಿಲ್ಲ. ತಪ್ಪು ಇದ್ದದ್ದು ಹೊರಗೆ—ಪ್ರೋಗ್ರಾಮಿನಲ್ಲಿ. ಅದನ್ನ ಗುರುವಾರ ಯಾರೋ ಸರಿಮಾಡಿದರು. ಸರಿಮಾಡಿದ ಕೂಡಲೇ ನಿಜವಾದ ಅಳತೆ ಬಂತು. ಗಂಟೆ ಹೊಡೀತು. ಹನ್ನೊಂದು ಇಪ್ಪತ್ತೊಂದಕ್ಕೆ ಗಂಟೆಯನ್ನ ಬಂದ್ ಮಾಡಿದ ದಾಖಲೆಯೂ ಇದೆ. ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಈತ ಬಾಗಿಲು ಬಡಿದು ತಮ್ಮನನ್ನ ಕರೆದ. ಊರು ಇವನಿಗೆ ಹುಚ್ಚು ಅಂತು."

ತಾಯಿ ಮೊದಲ ಸಲ ತಲೆ ಎತ್ತಿದಳು.

"ನಿಜವಾಗ್ಲೂ ಹೊಡೀತಾ?"

"ಹೊಡೀತು ತಾಯಿ. ಎರಡು ದಿನ ತಡವಾಗಿ."

"ನನಗೆ ತಿಳಿಯೋ ಹಾಗೆ ಹೇಳಮ್ಮ."

ಟೀಚರಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು.

"ಎಂಟು ಮೊಳದ ಬಟ್ಟೆ. ಅರ್ಧಕ್ಕೆ ಅಂಚಿದೆ, ಅರ್ಧ ಬೋಳು. ಯಾರೋ ಅದಕ್ಕೆ ನಾಲ್ಕು ಮೊಳ ಅಂತ ಚೀಟಿ ಅಂಟಿಸಿದರು. ಚೀಟಿ ನಂಬಿ ನೀನು ನಾಲ್ಕು ಮೊಳಕ್ಕೆ ಕತ್ತರಿಸಿದೆ. ಏನು ಸಿಗುತ್ತೆ?"

"ಒಂದು ಅಂಚಿನ ತುಂಡು, ಒಂದು ಬೋಳು ತುಂಡು."

"ಎರಡನ್ನೂ ಪೂರ್ತಿ ಬಟ್ಟೆ ಅಂತ ಎಣಿಸಿದರೆ?"

"ಒಂದು ಬಿಟ್ಟು ಒಂದು ಬೋಳು." ಅವಳು ನಿಲ್ಲಿಸಿದಳು. "ಬೋಳೇ ಸೊನ್ನೆನಾ?"

"ಅದೇ ಸೊನ್ನೆ. ಉಪಕರಣ ಕೊಟ್ಟ ಒಂದೊಂದು ಅಳತೆಯೂ ಎಂಟು ಬೈಟು. ಅದಕ್ಕೆ ಡಬಲ್ ಅಂತಾರೆ. ಅಳೆಯೋದು ಅರ್ಧರ್ಧ ಪಾಲಿನ ಲೆಕ್ಕದಲ್ಲಿ, ಹಾಗಾಗಿ ಅದರಲ್ಲಿ ಒಂದು ನಾಲ್ಕು ಬೈಟು ಯಾವಾಗಲೂ ಖಾಲಿ. ಕಡತಕ್ಕೆ ಬರೆಯೋ ಫಂಕ್ಷನ್ನು ನಾಲ್ಕು ಬೈಟಿನ ಫ್ಲೋಟ್ ಮಾತ್ರ ತಗೊಳ್ಳುತ್ತೆ. ಇದು ಹೊಂದಲ್ಲ ಅಂತ ಕಂಪೈಲರ್ ಬಾಯಿಬಿಟ್ಟು ಹೇಳಿತ್ತು. ಸರಿಮಾಡಬೇಕಾದವರು ಸರಿಮಾಡದೆ ಬಾಯಿ ಮುಚ್ಚಿಸಿದರು. ಕ್ಯಾಸ್ಟು ಅಂದರೆ ಇಲ್ಲಿ ಬರೀ ಚೀಟಿ. ಚೀಟಿ ಬದಲಾಯಿಸಿದರೆ ಒಳಗಿನ ಬಟ್ಟೆ ಗಿಡ್ಡ ಆಗಲ್ಲ. ಲೈಬ್ರರಿ ಚೀಟಿ ನಂಬಿತು, ಕತ್ತರಿಸಿತು. ಗಾಳಿ ಅರ್ಧ ಪಾಲು ಇದ್ದಾಗ ಕಡತಕ್ಕೆ ಹೋದದ್ದು ಸೊನ್ನೆ ಮತ್ತು ಒಂದೂಮುಕ್ಕಾಲು. ಎಂಟು ಪಾಲು ಆದಾಗ ಸೊನ್ನೆ ಮತ್ತು ಎರಡೂವರೆ. ಸರಾಸರಿ ಒಂದೂಕಾಲು. ಗಂಟೆ ಹೊಡೆಯೋದು ಒಂದೂವರೆಗೆ. ಈ ಉಪಕರಣ ಬಂದ ದಿನದಿಂದ ಆ ಗಂಟೆ ಮೂಗಿಯಾಗಿತ್ತು ತಾಯಿ. ಯಾರು ಪ್ಲಗ್ ಬಿಗಿದಿದ್ದರೂ ಅದು ಹೊಡೀತಿರಲಿಲ್ಲ."

"ಬರೀ ಮಾತು!" ಸಾಹೇಬರು ಎದ್ದರು. "ಎಂಟು ಅಂತ ಎಲ್ಲಿದೆ ಕಡತದಲ್ಲಿ?"

"ಎರಡು ತುಂಡನ್ನ ಮತ್ತೆ ಹೊಲಿದರೆ ಇದೆ. ನಿನ್ನೆ ಹೊಲಿದು ನೋಡಿದೆ. ಆ ಮಂಗಳವಾರ ಎರಡು ಗಂಟೆ ಐದು ನಿಮಿಷಕ್ಕೆ ಎರಡು ಪಾಲು. ಎರಡು ಹನ್ನೆರಡಕ್ಕೆ ನಾಲ್ಕು. ಎರಡು ಇಪ್ಪತ್ತಕ್ಕೆ ಎಂಟು."

ಸಾಹೇಬರು ವಾದ ಬದಲಿಸಿದರು. "ಸರಿ, ಪ್ರೋಗ್ರಾಮಿನಲ್ಲಿ ತಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆ ಸಾಲಿನ ಮೇಲೆ ಹೆಸರಿದೆ. ಆ ಗುತ್ತಿಗೆ ಹೆಂಗಸಿನದ್ದು."

"ಇದಕ್ಕೇ ಕಾಯ್ತಿದ್ದೆ," ಎಂದರು ಟೀಚರಮ್ಮ. "ಆ ಕ್ಯಾಸ್ಟು ಬಿದ್ದ ದಿನ ಅವಳು ತಂದೆಯ ಮಂಚದ ಪಕ್ಕ ಆಸ್ಪತ್ರೆಯಲ್ಲಿದ್ದಳು. ಆ ದಿನ ಒಂದೇ ನಿಮಿಷದಲ್ಲಿ ಐದು ಜನರ ಫೈಲುಗಳಲ್ಲಿ ನಲವತ್ತೊಂದು ಕ್ಯಾಸ್ಟು ಬಿದ್ದಿವೆ. ಮನುಷ್ಯರ ಕೈ ಅಷ್ಟು ಬೇಗ ಓಡಲ್ಲ. ಓಡಿದ್ದು ಪೊರಕೆ. ಯಾವ ದಿನ? ನಿಮ್ಮ ಹಲಗೆಯೇ ಹೇಳುತ್ತೆ—ನಿನ್ನೆಗೆ ತೊಂಬತ್ತನಾಲ್ಕು ದಿನದ ಹಿಂದೆ. ತಪಾಸಣೆಯ ದಿನ. ಪೊರಕೆ ಓಡಿಸೋ ಕೀಲಿ ಆ ಕೋಣೆಯಲ್ಲಿ ಒಬ್ಬರಿಗೇ ಇದೆ. ಸುರಂಗದ ಕಂಪ್ಯೂಟರಿಗೆ ಪ್ರೋಗ್ರಾಮು ಹಾಕೋ ಕೀಲಿಯೂ ಅವರ ಹತ್ತಿರವೇ ಇದೆ. ಕೊಂದವರು ನೀವು ಸಾಹೇಬರೇ."

"ಎಲ್ಲರೂ ಹೀಗೇ ಮಾಡೋದು ಕಣ್ರೀ!" ಸಾಹೇಬರ ದನಿ ಒಡೆಯಿತು. "ನಲವತ್ತೊಂದರಲ್ಲಿ ನಲವತ್ತು ಬರೀ ಗಲಾಟೆ. ಏನೂ ಆಗಲಿಲ್ಲ. ತಪಾಸಣೆಗೆ ಬಂದವರು ಸೊನ್ನೆ ಕೇಳ್ತಾರೆ. ನಾನೇನು ಬೇಕಂತ ಮಾಡಿದ್ನಾ?"

"ಅಂದು ಬೇಕಂತ ಮಾಡಲಿಲ್ಲ. ಒಪ್ಪಿದೆ. ಆ ನಲವತ್ತನ್ನ ಕೂತು ಓದಿದ್ದರೆ ನಲವತ್ತೊಂದನೆಯದು ಕೈಗೆ ಸಿಗ್ತಿತ್ತು, ಓದಲಿಲ್ಲ. ಆದರೆ ಗುರುವಾರ? ಗುರುವಾರ ನಿಮಗೆ ಎಲ್ಲ ಗೊತ್ತಾಯಿತು. ಸುರಂಗದ ಕಂಪ್ಯೂಟರಿನಲ್ಲಿ ಓಡೋ ಪ್ರೋಗ್ರಾಮನ್ನ ಮಾತ್ರ ಗುಟ್ಟಾಗಿ ಸರಿಮಾಡಿದಿರಿ. ಆಫೀಸಿನಲ್ಲಿರೋ ಮೂಲ ಪ್ರತಿಯಲ್ಲಿ ಆ ಸಾಲನ್ನ, ಅವಳ ಹೆಸರನ್ನ ಹಾಗೇ ಬಿಟ್ಟಿರಿ. ಎರಡು ಹಗ್ಗ ಹೊಸೆದಿರಿ—ಒಂದು ಇವನ ಕುತ್ತಿಗೆಗೆ, ಅದು ಹರಿದರೆ ಇನ್ನೊಂದು ಅವಳ ಕುತ್ತಿಗೆಗೆ. ಶುಕ್ರವಾರ ವರದಿಗೆ ಸಹಿ ಹಾಕಿದಿರಿ. ಮಗನನ್ನ ಕಳಕೊಂಡವಳ ಮುಂದೆ ಶಾಯಿ ಪೆಟ್ಟಿಗೆ ಇಟ್ಟಿರಿ. ಇದನ್ನ ಯಾವ ಪೊರಕೆ ಮಾಡಿತು?"

ಸಾಹೇಬರು ಕೂತರು. ಅಧಿಕಾರಿ ದೂರಿನ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಮಡಚಿ, ಫೈಲಿನೊಳಗೆ ಇಟ್ಟರು. ಎಷ್ಟೊಂದು ಸುಲಭವಾಗಿ ಮಡಚಿಕೊಂಡಿತು ಅದು! ಒಬ್ಬ ಮನುಷ್ಯನ ಬದುಕು ಆ ಕಾಗದದೊಳಗಿತ್ತು.

ತಾಯಿಗೆ ಇದಾವುದೂ ಬೇಕಿರಲಿಲ್ಲ. ಅವಳು ಇನ್ನೂ ಆ ಮೂರು ಅಂಕಿಯಲ್ಲೇ ಇದ್ದಳು.

"ಎರಡು ಐದಕ್ಕೆ ಗಂಟೆ ಹೊಡೆದಿದ್ರೆ," ಎಂದಳು, ಯಾರನ್ನೂ ನೋಡದೆ, "ಅವನು ಹೊರಗೆ ಬರೋಕೆ ಎಷ್ಟು ಹೊತ್ತು ಬೇಕಿತ್ತು?"

ಬಾಗಿಲ ಬಳಿಯಿಂದ ಉತ್ತರ ಬಂತು.

"ಒಂಬತ್ತು ನಿಮಿಷ ಅಮ್ಮ. ಓಡಿದ್ರೆ ಆರು."

ಅವಳು ಬೆರಳು ಮಡಚಿ ಎಣಿಸಿದಳು. ಎಣಿಸಿ ಮುಗಿಸಿ, ಮತ್ತೆ ಮೊದಲಿಂದ ಎಣಿಸಿದಳು.

"ಬರ್ತಿದ್ದ," ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. "ನೀನೇ ಅಲ್ವಾ ಅರ್ಜಿ ಬರೆಯೋನು? ಬರಿ. ಈಗ ನಾನು ಹೇಳಿದ್ದನ್ನ ಬರಿ. ಗಂಟೆಯ ಬಾಯಿ ಮುಚ್ಚಿಸಿದೋರ ಮೇಲೆ ನನ್ನ ದೂರು."

ನಾನು ಪೆನ್ನು ತೆಗೆದೆ. ದೊಡ್ಡೋನು ಎರಡು ಹೆಜ್ಜೆ ಮುಂದೆ ಬಂದು ನಿಂತ.

"ಅದರಲ್ಲಿ ನಂದೂ ಒಂದು ಸಾಲು ಸೇರಿಸಿ," ಎಂದ. "ಪರದೆ ಸರಿಯಿಲ್ಲ ಅಂತ ನಾನು ಒಂದೇ ಸಲ ಹೇಳಿದೆ. ನಕ್ಕಾಗ ನಾಚಿಕೆ ಆಯ್ತು. ಎರಡನೇ ಸಲ ಹೇಳಲಿಲ್ಲ. ಅದೂ ಇರಲಿ ಅದರಲ್ಲಿ."

ನನ್ನ ಪೆನ್ನು ನಿಂತಿತು. ತಾಯಿ ಕಾಗದವನ್ನೇ ನೋಡುತ್ತಿದ್ದಳು.

"ಒಂದು ಸಲ ಹೇಳಿದ ಅಂತ ಬರಿ," ಎಂದಳು. "ನಕ್ಕರು ಅಂತಾನೂ ಬರಿ. ನಕ್ಕವರ ಹೆಸರೂ ಬರಿ."

ಬರೆದೆ. ಓದಿ ಹೇಳಿದೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಒತ್ತಿದಳು—ಕಾಗದ ಹರಿದುಹೋಗುತ್ತದೇನೋ ಎಂಬಷ್ಟು ಬಲವಾಗಿ. ಹೊರಗೆ ಬಿಸಿಲು. ಮೂವರು ಸತ್ತಿದ್ದರು, ಒಬ್ಬನೂ ಬದುಕಿ ಬಂದಿರಲಿಲ್ಲ. ಗೆದ್ದೆವು ಎನ್ನಲು ನಾಲಿಗೆ ಹೊರಳಲಿಲ್ಲ.

ದೊಡ್ಡೋನು ಹತ್ತು ಮಾರು ಹಿಂದೆ ಬರುತ್ತಿದ್ದ. ತಾಯಿ ಹಿಂದಿರುಗಿ ನೋಡಲಿಲ್ಲ. ರಸ್ತೆಯ ತಿರುವಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಅವನು ಊಟ ಮಾಡಿದ್ದಾನಾ ಕೇಳು," ಎಂದಳು.